ಹೊರದೇಶದಲ್ಲಿ ಬಾಡಿಗೆ ಸ್ಕೂಟರ್ ಹತ್ತಿ ಹಳ್ಳಿಗಾಡು ಸುತ್ತುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬಸ್ಸು ಹತ್ತಿದರೆ ಒಂದೂರಿನಿಂದ ಇನ್ನೊಂದೂರಿಗೆ ತಲುಪುತ್ತೀರಿ. ನಡುವೆ ಇರುವುದೆಲ್ಲ ಕಿಟಕಿಯಾಚೆ ಓಡಿಹೋಗುತ್ತದೆ. ಗದ್ದೆಯ ಬದು, ತೊರೆಗೆ ಅಡ್ಡ ಹಾಕಿದ ಮರದ ಸೇತುವೆ, ವಾರದ ಸಂತೆ, ನಕ್ಷೆಯಲ್ಲಿ ಹೆಸರೇ ಇಲ್ಲದ ಜಲಪಾತ ಎಲ್ಲ ಇರುವುದು ಆ ನಡುವೆಯೇ. ಅಲ್ಲಿ ಇಳಿಯಬೇಕು ಅಂದರೆ ಗಾಡಿ ನಿಮ್ಮ ಕೈಯಲ್ಲಿರಬೇಕು. ಬೆನ್ನಿಗೆ ಚೀಲ ಹಾಕಿಕೊಂಡು ದೇಶ ಸುತ್ತುವವರು ಬಾಡಿಗೆ ಸ್ಕೂಟರ್ ಹುಡುಕುವುದು ಇದಕ್ಕೇ.

ನನ್ನ ಲೆಕ್ಕ ಸರಳ: ದಿನಕ್ಕೆ ಕಿಲೋಮೀಟರ್ ಕಡಿಮೆ, ನಿಲುಗಡೆ ಜಾಸ್ತಿ. ಯಾವ ರಸ್ತೆ, ಯಾವ ಗಾಡಿ, ಎಷ್ಟು ಸಾಮಾನು ಅನ್ನುವುದನ್ನೆಲ್ಲ ಈ ಲೆಕ್ಕದಿಂದಲೇ ತೀರ್ಮಾನಿಸಬಹುದು.

ಹಂತ 1: ಊರು ಬಿಡುವ ಮೊದಲೇ ಪರ್ಮಿಟ್ ಮಾಡಿಸಿ

ಕಾರಿನ ಲೈಸೆನ್ಸ್ ಇದೆಯಲ್ಲ, ಸಾಕು ಅನ್ನುವವರು ಬಹಳ ಜನ. ಸಾಲದು. ನಿಮ್ಮ ದೇಶದ ಮೂಲ ಲೈಸೆನ್ಸಿನಲ್ಲಿ ದ್ವಿಚಕ್ರ ವಾಹನಕ್ಕೆ ಅನುಮತಿ ಇರಬೇಕು. ಅದರ ಜೊತೆಗೆ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ಆ ಪರ್ಮಿಟ್ಟಿನಲ್ಲಿ 'ಎ' ವರ್ಗದ ಎದುರು ಮುದ್ರೆ ಬಿದ್ದಿದೆಯಾ ನೋಡಿ. ಮೋಟಾರ್ ಸೈಕಲ್ಲು, ಸ್ಕೂಟರು ಬರುವುದು ಅದರಲ್ಲೇ. 'ಬಿ' ಮಾತ್ರ ಇದ್ದರೆ ಅದು ಕಾರಿಗೆ.

ಇಲ್ಲೊಂದು ತೊಡಕಿದೆ. ಈ ಪರ್ಮಿಟ್ಟಿನಲ್ಲಿ ಎರಡು ಬಗೆ. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವುದು ಒಂದು, 1968ರ ವಿಯೆನ್ನಾ ಒಪ್ಪಂದದ ಪ್ರಕಾರ ಕೊಡುವುದು ಇನ್ನೊಂದು. ಮೊದಲನೆಯದು ಒಂದು ವರ್ಷ ನಡೆಯುತ್ತದೆ. ಎರಡನೆಯದು ಹೆಚ್ಚೆಂದರೆ ಮೂರು ವರ್ಷ. ಥಾಯ್ಲೆಂಡ್ ಎರಡೂ ಒಪ್ಪಂದಗಳಲ್ಲಿದೆ. ವಿಯೆಟ್ನಾಂ 1968ರದ್ದರಲ್ಲಿ ಮಾತ್ರ ಇದೆ. ಹಾಗಾಗಿ 1949ರ ಪುಸ್ತಕ ಹಿಡಿದು ಅಲ್ಲಿ ಓಡಾಡಿದರೆ ಕಾನೂನಿನ ಲೆಕ್ಕದಲ್ಲಿ ನೀವು ಲೈಸೆನ್ಸ್ ಇಲ್ಲದವರೇ. ನಿಮ್ಮ ಪರ್ಮಿಟ್ಟಿನ ರಟ್ಟಿನ ಮೇಲೆ ಯಾವ ಇಸವಿ ಅಚ್ಚಾಗಿದೆ ಎಂದು ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ಇದನ್ನು ಸಾಮಾನ್ಯವಾಗಿ ಲೈಸೆನ್ಸ್ ಕೊಟ್ಟ ದೇಶದಲ್ಲೇ ಮಾಡಿಸಬೇಕು. ಆನ್‌ಲೈನಿನಲ್ಲಿ ಕಾರ್ಡ್ ಮಾರುವ ಖಾಸಗಿ ತಾಣಗಳ 'ಅಂತಾರಾಷ್ಟ್ರೀಯ ಲೈಸೆನ್ಸ್' ಯಾವ ಪೊಲೀಸರ ಮುಂದೆಯೂ ನಡೆಯುವುದಿಲ್ಲ.

ಬಾಡಿಗೆ ಅಂಗಡಿಯವರು ಲೈಸೆನ್ಸ್ ಕೇಳದೆಯೂ ಗಾಡಿ ಕೊಡುತ್ತಾರೆ, ನಿಜ. ಆದರೆ ಬಿದ್ದಾಗ ನಿಮ್ಮ ಪ್ರಯಾಣ ವಿಮೆಯವರು ಕೇಳುತ್ತಾರೆ. ಪಾಲಿಸಿಯಲ್ಲಿ ಮೂರು ಸಂಗತಿ ಹುಡುಕಿ: ದ್ವಿಚಕ್ರ ವಾಹನ ಓಡಿಸುವಾಗ ಆದ ಗಾಯಕ್ಕೆ ಹಣ ಕೊಡುತ್ತಾರಾ, ಎಷ್ಟು ಸಿಸಿ ತನಕ, ಹೆಲ್ಮೆಟ್ಟು ಮತ್ತು ಲೈಸೆನ್ಸಿನ ಷರತ್ತೇನು. ಬಹಳ ಪಾಲಿಸಿಗಳು 125 ಸಿಸಿಗೇ ನಿಂತುಬಿಡುತ್ತವೆ. ಅಂಗಡಿಯವರು 155 ಸಿಸಿ ಗಾಡಿಯನ್ನು ಅದೇ ಬಾಡಿಗೆಗೆ ಕೊಡುತ್ತೇನೆಂದಾಗ ಇದು ನೆನಪಿರಲಿ. ಕುಡಿದು ಓಡಿಸಿದರೆ ಯಾವ ವಿಮೆಯೂ ಹತ್ತಿರ ಸುಳಿಯುವುದಿಲ್ಲ. ವಿಯೆಟ್ನಾಂನಲ್ಲಂತೂ 2020ರಿಂದ ಒಂದು ತೊಟ್ಟು ಮದ್ಯಕ್ಕೂ ದಂಡವಿದೆ.

ಹಂತ 2: ರಸ್ತೆ ಆರಿಸಿ, ಕಾಲ ನೋಡಿ

ಒಂದು ಪಟ್ಟಣದಲ್ಲಿ ದೊಡ್ಡ ಚೀಲ ಇಟ್ಟು, ಸುತ್ತು ಹಾಕಿ ಅಲ್ಲಿಗೇ ವಾಪಸ್ ಬರುವ ದಾರಿಗಳು ಹೊಸಬರಿಗೆ ಚೆನ್ನ. ಗಾಡಿ ತೆಗೆದುಕೊಂಡಲ್ಲೇ ಕೊಡಬಹುದು. ಇಂಥ ಸುತ್ತುಗಳಿಗೆ ಪ್ರವಾಸಿಗರ ನಡುವೆ 'ಲೂಪ್' ಅಂತಲೇ ಹೆಸರು. ಲಾವೋಸಿನ ಥಾಖೆಕ್ ಲೂಪ್ ಸುಮಾರು 450 ಕಿಲೋಮೀಟರ್. ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹೋಗುವ ದಾರಿ. ಅಲ್ಲಿ ಕಾಂಗ್ ಲೋರ್ ಗುಹೆಯೊಳಗೆ ದೋಣಿಯಲ್ಲಿ ಏಳು ಕಿಲೋಮೀಟರಿನಷ್ಟು ದೂರ ಸಾಗಬಹುದು. ವಿಯೆಟ್ನಾಂನ ಉತ್ತರ ತುದಿಯ ಹಾ ಜಿಯಾಂಗ್ ಲೂಪ್ ಸುಮಾರು 350 ಕಿಲೋಮೀಟರ್. ನ್ಯೋ ಕ್ವೆ ನದಿಯ ಕಮರಿಯ ಅಂಚಿನಲ್ಲಿ ಹೋಗುವ ಮಾ ಪಿ ಲೆಂಗ್ ಘಾಟಿ ಅದರಲ್ಲೇ ಬರುತ್ತದೆ. ಥಾಯ್ಲೆಂಡಿನ ಮೇ ಹಾಂಗ್ ಸಾನ್ ಲೂಪ್ ಚಿಯಾಂಗ್ ಮಾಯ್‌ನಿಂದ ಹೊರಟು 600 ಕಿಲೋಮೀಟರ್ ಸುತ್ತುತ್ತದೆ. ಅದರಲ್ಲಿ 1,864 ತಿರುವುಗಳಿವೆ ಎಂದು ಅಲ್ಲಿಯವರ ಲೆಕ್ಕ.

ಈ ಮೂರರಲ್ಲಿ ಮೊದಲ ಸಲಕ್ಕೆ ನಾನು ಹೇಳುವುದು ಥಾಖೆಕ್. ಏರಿಳಿತ ಕಡಿಮೆ. ಹಾ ಜಿಯಾಂಗ್ ಎಷ್ಟೇ ಚೆಂದವಿರಲಿ, ಅಲ್ಲಿ ಹೋಗಿ ಗಾಡಿ ಕಲಿಯುವುದು ಬೇಡ. ಅನುಭವ ಇಲ್ಲದಿದ್ದರೆ ಅಲ್ಲಿ 'ಈಸಿ ರೈಡರ್' ಎಂದು ಕರೆಯುವ ಸ್ಥಳೀಯ ಸವಾರರಿದ್ದಾರೆ. ಅವರ ಹಿಂದೆ ಕೂತು ಇಡೀ ಸುತ್ತು ನೋಡಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ. ಕಣ್ಣು ರಸ್ತೆಯ ಮೇಲಿಲ್ಲದೆ ಕಣಿವೆಯ ಮೇಲಿರುತ್ತದೆ, ಲಾಭವೇ.

ಪ್ರಸಿದ್ಧ ಲೂಪೇ ಬೇಕು ಅಂತಿಲ್ಲ. ಒಳ್ಳೆಯ ಸ್ಕೂಟರ್ ರಸ್ತೆ ಹುಡುಕಲು ಒಂದು ಉಪಾಯವಿದೆ. ಹೊಸ ಹೆದ್ದಾರಿಯೋ ಸುರಂಗವೋ ಬಂದು ಲಾರಿಗಳೆಲ್ಲ ಆ ಕಡೆ ಹೋದಾಗ ಹಳೆಯ ರಸ್ತೆ ಖಾಲಿ ಉಳಿಯುತ್ತದೆ. ವಿಯೆಟ್ನಾಂನ ಹಾಯ್ ವಾನ್ ಘಾಟಿಗೆ ಆಗಿದ್ದು ಅದೇ. 2005ರಲ್ಲಿ ಕೆಳಗೆ ಸುರಂಗ ತೆರೆಯಿತು. ಕಡಲು ಕಾಣುವ ಮೇಲಿನ 20 ಕಿಲೋಮೀಟರ್ ಹೆಚ್ಚಾಗಿ ದ್ವಿಚಕ್ರದವರ ಪಾಲಾಯಿತು. ಸುರಂಗದಲ್ಲಿ ಬಿಡದ ಪೆಟ್ರೋಲ್ ಟ್ಯಾಂಕರುಗಳು ಮಾತ್ರ ಈಗಲೂ ಮೇಲೇ ಬರುತ್ತವೆ, ತಿರುವಿನಲ್ಲಿ ಎಚ್ಚರ. ನಕ್ಷೆಯಲ್ಲಿ ದಪ್ಪ ಗೆರೆಯ ಪಕ್ಕದಲ್ಲೇ ಸೊಟ್ಟಗೆ ಹೋಗುವ ಸಣ್ಣ ಗೆರೆ ಕಂಡರೆ ಅದನ್ನು ಗುರುತು ಹಾಕಿಕೊಳ್ಳಿ.

ಕಾಲವೂ ಮುಖ್ಯ. ಉತ್ತರ ಥಾಯ್ಲೆಂಡಿನಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಹೊಲ, ಕಾಡು ಸುಡುವ ಹೊಗೆ ಕವಿದಿರುತ್ತದೆ. ಗುಡ್ಡ ಕಾಣುವುದೇ ಇಲ್ಲ, ಕಣ್ಣು ಉರಿಯುತ್ತದೆ. ಮೇಯಿಂದ ಅಕ್ಟೋಬರ್ ಮಳೆ. ಹಾ ಜಿಯಾಂಗ್‌ನ ಮೆಟ್ಟಿಲು ಗದ್ದೆಗಳು ಹಳದಿಯಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಹಂತ 3: ಗಾಡಿ ಯಾವುದು?

ಆಯ್ಕೆ ಸಾಮಾನ್ಯವಾಗಿ ಎರಡು. ಗೇರ್ ಇಲ್ಲದ ಆಟೋಮ್ಯಾಟಿಕ್ ಸ್ಕೂಟರ್, ಅಥವಾ ಹೋಂಡಾ ವೇವ್ ತರಹದ ಅರೆ-ಆಟೋಮ್ಯಾಟಿಕ್. ಎರಡನೆಯದರಲ್ಲಿ ಕ್ಲಚ್ ಹಿಡಿ ಇಲ್ಲ, ಎಡಗಾಲಿನಲ್ಲಿ ಗೇರ್ ಹಾಕಬೇಕು. ಸಪಾಟು ನಾಡಿಗೆ, ದಿನದ ತಿರುಗಾಟಕ್ಕೆ ಆಟೋಮ್ಯಾಟಿಕ್ ಸಾಕು. ಘಾಟಿ ಜಾಸ್ತಿ ಇದ್ದರೆ ಅರೆ-ಆಟೋಮ್ಯಾಟಿಕ್ ಮೇಲು. ಉದ್ದ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿನ ಮೇಲೆ ಹೊರೆ ಬೀಳುವುದಿಲ್ಲ.

ಒಬ್ಬರಿಗೆ 110 ಸಿಸಿ ಧಾರಾಳ. ಇಬ್ಬರು ಕೂತು ಗುಡ್ಡ ಹತ್ತುವುದಾದರೆ 125.

ಹಂತ 4: ಕೀಲಿ ತಗೊಳ್ಳುವ ಮೊದಲಿನ ಹದಿನೈದು ನಿಮಿಷ

ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಗಮನ ಬೇಕಿರುವ ಹೊತ್ತು ಇದು. ಅಂಗಡಿಯವರು ಅವಸರ ಮಾಡಬಹುದು, ಹಿಂದೆ ಇನ್ನೂ ನಾಲ್ಕು ಜನ ನಿಂತಿರಬಹುದು. ನಿಧಾನಿಸಿ.

ಮೊದಲು ಟೈರು. ಎರಡೂ ಚಕ್ರ ತಿರುಗಿಸಿ ಪೂರ್ತಿ ನೋಡಿ. ನಡುವಿನ ಅಚ್ಚು ಸವೆದು ನುಣ್ಣಗಾಗಿದ್ದರೆ, ಅಂಚಿನಲ್ಲಿ ಬಿರುಕಿದ್ದರೆ ಬೇರೆ ಗಾಡಿ ಕೇಳಿ. ಗೀರು ಬಿದ್ದ ಹಳೇ ಗಾಡಿಗೆ ಒಳ್ಳೇ ಟೈರಿದ್ದರೆ, ಮಿರಮಿರ ಮಿಂಚುವ ಗಾಡಿಯ ಸವೆದ ಟೈರಿಗಿಂತ ಅದೇ ವಾಸಿ. ಆಮೇಲೆ ಬ್ರೇಕು. ಆಟೋಮ್ಯಾಟಿಕ್‌ನಲ್ಲಿ ಬಲಗೈ ಹಿಡಿ ಮುಂದಿನ ಚಕ್ರಕ್ಕೆ, ಎಡಗೈ ಹಿಡಿ ಹಿಂದಿನದಕ್ಕೆ. ಒಂದೊಂದನ್ನೇ ಒತ್ತಿ ಗಾಡಿಯನ್ನು ಮುಂದೆ ತಳ್ಳಿ ನೋಡಿ. ಹಿಡಿಯು ಹ್ಯಾಂಡಲ್ ತನಕ ಬಂದು ತಾಗಿದರೆ, ಒತ್ತಿದಾಗ ಮೆತ್ತಗೆ ಒಳಹೋದರೆ ಬ್ರೇಕು ಸರಿಯಿಲ್ಲ. ಹೆಡ್‌ಲೈಟು, ಇಂಡಿಕೇಟರು, ಹಿಂದಿನ ದೀಪ, ಹಾರ್ನು ಎಲ್ಲ ಒತ್ತಿ ನೋಡಿ. ಕನ್ನಡಿ ಎರಡೂ ಇರಲಿ. ಡಿಕ್ಕಿ ತೆಗೆದು ನೋಂದಣಿ ಪತ್ರದ ಪ್ರತಿ ಇದೆಯಾ, ಅದರ ನಂಬರೂ ಗಾಡಿಯ ನಂಬರೂ ಒಂದೇನಾ ನೋಡಿ. ಪೊಲೀಸರು ಮೊದಲು ಕೇಳುವುದು ಅದನ್ನೇ.

ಈಗ ಫೋನ್ ತೆಗೆಯಿರಿ. ಗಾಡಿಯ ಸುತ್ತ ಒಂದು ವಿಡಿಯೋ ಮಾಡಿ. ಪ್ರತಿ ಗೀರು, ತಗ್ಗು, ಒಡೆದ ಪ್ಲಾಸ್ಟಿಕ್ಕು, ಕಿಲೋಮೀಟರ್ ಮುಳ್ಳು, ಪೆಟ್ರೋಲ್ ಮುಳ್ಳು ಎಲ್ಲ ಅದರಲ್ಲಿ ಬರಲಿ. ಅಂಗಡಿಯವರು ಪಕ್ಕದಲ್ಲೇ ನಿಂತಿರಲಿ. ಗಾಡಿಯ ತಳಭಾಗ ಮರೆಯಬೇಡಿ. ಜಗಳ ಆಗುವುದು ಹೆಚ್ಚಾಗಿ ಅಲ್ಲಿಯ ಗೀರುಗಳಿಗೇ.

ಹೆಲ್ಮೆಟ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಂಗಡಿಯಲ್ಲಿ ಸಿಗುವ ಚಿಪ್ಪಿನಂಥ ಟೋಪಿ ಪೊಲೀಸರಿಗೆ ತೋರಿಸಲು ಸಾಕು, ತಲೆಗೆ ಸಾಲದು. ಪಟ್ಟಿಯ ಮೇಲೆ ವೃತ್ತದೊಳಗೆ 'ಇ' ಅಕ್ಷರ ಮತ್ತು ಒಂದು ಅಂಕೆ ಇರುವ ಚೀಟಿ ಹೊಲಿದಿದ್ದರೆ ಅದು ಇಸಿಇ 22 ಎಂಬ ಅಂತಾರಾಷ್ಟ್ರೀಯ ಸುರಕ್ಷತಾ ಮಾನದಂಡದ್ದು. ಗದ್ದ ಮುಚ್ಚುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಪಟ್ಟಿ ಬಿಗಿದು ಹಿಂದಿನಿಂದ ಮುಂದಕ್ಕೆ ತಳ್ಳಿ ನೋಡಿ. ಕಳಚಿಕೊಂಡು ಬಂದರೆ ಅದು ನಿಮ್ಮ ಅಳತೆಯಲ್ಲ. ತಿಂಗಳುಗಟ್ಟಲೆ ಸುತ್ತುವುದಾದರೆ ಸ್ವಂತದ್ದೊಂದು ಕೊಂಡುಬಿಡಿ.

ಹಂತ 5: ಕರಾರು, ಅಡ್ವಾನ್ಸು, ಪಾಸ್‌ಪೋರ್ಟು

ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಅದು ಅವರ ಡ್ರಾಯರಿನಲ್ಲಿದ್ದರೆ ಯಾವ ತಕರಾರಿನಲ್ಲೂ ಮಾತು ಅವರದೇ. ಜೆರಾಕ್ಸ್ ಕೊಡಿ, ನಗದು ಅಡ್ವಾನ್ಸ್ ಕೊಡಿ, ರಸೀದಿ ತಗೊಳ್ಳಿ. ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಕರಾರು ಪತ್ರದಲ್ಲಿ ನೋಡಬೇಕಾದ್ದು: ಗಾಡಿ ಕಳುವಾದರೆ ಎಷ್ಟು ಕೊಡಬೇಕು, ಕೆಟ್ಟು ನಿಂತರೆ ರಿಪೇರಿ ಯಾರ ಖರ್ಚು, ಜಿಲ್ಲೆ ದಾಟಿ ಹೋಗಬಹುದಾ, ಯಾವ ನಂಬರಿಗೆ ಫೋನ್ ಮಾಡಬೇಕು. 'ಇನ್ಶೂರೆನ್ಸ್ ಇದೆ' ಅಂದರೆ ಯಾವುದಕ್ಕೆ ಅಂತ ಬಿಡಿಸಿ ಕೇಳಿ. ಥಾಯ್ಲೆಂಡಿನ ಕಡ್ಡಾಯ ವಿಮೆ ಜನರ ಗಾಯ, ಸಾವಿಗೆ ಮಾತ್ರ. ಗಾಡಿಗೆ ಆದ ಪೆಟ್ಟು, ಕಳ್ಳತನ ಅದರಲ್ಲಿ ಬರುವುದಿಲ್ಲ. ಚಕ್ರಕ್ಕೆ ಹಾಕುವ ಸಣ್ಣ ಬೀಗವೊಂದು ನಿಮ್ಮದೇ ಇರಲಿ. ಗಾಡಿಯ ಇನ್ನೊಂದು ಕೀಲಿ ಯಾರ ಕೈಯಲ್ಲಿದೆಯೋ ನಿಮಗೆ ಗೊತ್ತಿಲ್ಲ ಅಲ್ವಾ?

ಹಂತ 6: ಖಾಲಿ ಜಾಗದಲ್ಲಿ ಒಂದು ಗಂಟೆ

ಮೊದಲ ದಿನವೇ ಗುಡ್ಡಕ್ಕೆ ಹೊರಡಬೇಡಿ. ಮೈದಾನವೋ ಖಾಲಿ ಬೀದಿಯೋ ಹುಡುಕಿ. ಹೊರಡುವುದು, ನಿಲ್ಲಿಸುವುದು, ಎಂಟರ ಆಕಾರದಲ್ಲಿ ತಿರುಗಿಸುವುದು, ವೇಗದಲ್ಲಿ ಬಂದು ಎರಡೂ ಬ್ರೇಕ್ ಹಿಡಿದು ನೇರವಾಗಿ ನಿಲ್ಲುವುದು, ಇಷ್ಟು ಅಭ್ಯಾಸ ಮಾಡಿ. ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನ ಬ್ರೇಕಿನಲ್ಲಿ. ಆದರೆ ಜಲ್ಲಿ, ಮರಳು, ಒದ್ದೆ ನೆಲದ ಮೇಲೆ ಅದನ್ನು ಗಬಕ್ಕನೆ ಹಿಡಿದರೆ ಚಕ್ರ ಜಾರಿ ಬೀಳುತ್ತೀರಿ. ಅಲ್ಲಿ ಹಿಂದಿನದೇ ಜಾಸ್ತಿ, ಮುಂದಿನದು ಮೆಲ್ಲಗೆ.

ಹೊಸಬರು ಓಡಿಸುವಾಗ ಮಾತ್ರವಲ್ಲ, ಗಾಡಿ ತಳ್ಳುವಾಗಲೂ ಬೀಳುತ್ತಾರೆ. ಎಂಜಿನ್ ಚಾಲೂ ಇರುತ್ತದೆ, ಗಾಡಿ ವಾಲುತ್ತದೆ, ಹಿಡಿದುಕೊಳ್ಳಲು ಹೋಗಿ ಕೈ ಆಕ್ಸಿಲರೇಟರ್ ತಿರುಗಿಸಿಬಿಡುತ್ತದೆ. ಇಳಿದ ಕೂಡಲೇ ಎಂಜಿನ್ ಆಫ್. ಇಳಿಯುವುದು ಎಡಗಡೆಗೆ. ಬಲಗಡೆ ಸೈಲೆನ್ಸರ್ ಇರುತ್ತದೆ. ಮೀನಖಂಡಕ್ಕೆ ಅದು ತಾಗಿ ಆದ ಸುಟ್ಟ ಗುರುತು ಎಷ್ಟು ಜನರಿಗಿದೆ ಅಂದರೆ ಅದನ್ನು 'ಥಾಯ್ ಹಚ್ಚೆ' ಅಂತಲೇ ತಮಾಷೆ ಮಾಡುತ್ತಾರೆ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್ ಹಚ್ಚಬೇಡಿ.

ಹಂತ 7: ಸಾಮಾನು

ದೊಡ್ಡ ಚೀಲವನ್ನು ಉಳಿದುಕೊಂಡ ಜಾಗದಲ್ಲೇ ಬಿಡಿ. ಸುತ್ತು ಮುಗಿಸಿ ಅಲ್ಲಿಗೇ ಬರುವವರ ಚೀಲವನ್ನು ಬಹಳ ಕಡೆ ಇಟ್ಟುಕೊಳ್ಳುತ್ತಾರೆ. ಎರಡು ಜೊತೆ ಬಟ್ಟೆ, ಮಳೆಯ ಅಂಗಿ, ಪ್ರಥಮ ಚಿಕಿತ್ಸೆ, ಪವರ್ ಬ್ಯಾಂಕ್, ನೀರು, ಸಣ್ಣ ನೋಟುಗಳು ಸಾಕು. ಭಾರ ಕೆಳಗಿದ್ದಷ್ಟೂ ಗಾಡಿ ಮಾತು ಕೇಳುತ್ತದೆ. ಚೀಲವನ್ನು ಬೆನ್ನಿಗೆ ಹಾಕಿಕೊಳ್ಳುವ ಬದಲು ಹಿಂದಿನ ಸೀಟಿಗೆ ಕೊಕ್ಕೆಯ ರಬ್ಬರ್ ಹಗ್ಗದಿಂದ ಬಿಗಿಯಿರಿ. ಹಗ್ಗದ ತುದಿ ಚಕ್ರದ ಕಡೆ ಜೋತು ಬಿದ್ದಿರಬಾರದು. ಉದ್ದ ಪ್ಯಾಂಟು, ಮುಚ್ಚಿದ ಶೂ, ತೋಳಿನ ಅಂಗಿ ಹಾಕಿ. ಚಡ್ಡಿ, ಚಪ್ಪಲಿಯಲ್ಲಿ ಓಡಾಡುವವರನ್ನು ಎಲ್ಲೆಲ್ಲೂ ನೋಡುತ್ತೀರಿ. ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತವರೂ ಹೆಚ್ಚಾಗಿ ಅವರೇ.

ಫೋನನ್ನು ಹ್ಯಾಂಡಲಿಗೆ ಸಿಕ್ಕಿಸುವ ಮೊದಲು ಯೋಚಿಸಿ. ಮೋಟಾರ್ ಸೈಕಲ್ ಎಂಜಿನ್ನಿನ ಅದುರಿಕೆಯಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತು. ಫೋನ್ ಜೇಬಿನಲ್ಲಿರಲಿ. ಮುಂದಿನ ಎರಡು ಮೂರು ತಿರುವು ನೋಡಿಕೊಂಡು ಹೊರಡಿ, ಆಮೇಲೆ ನಿಂತು ಮತ್ತೆ ನೋಡಿ.

ಹಂತ 8: ದಿನದ ಲೆಕ್ಕ

ಹಳ್ಳಿಗಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ತರಹದ ಆ್ಯಪ್‌ಗಳಲ್ಲಿ ಆ ಪ್ರದೇಶದ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಆ್ಯಪ್ ತೋರಿಸುವ ಸಮಯವನ್ನು ನಂಬಬೇಡಿ. ಗುಡ್ಡದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಅಂತ ಹಿಡಿಯಿರಿ. ದಿನಕ್ಕೆ 100 ಕಿಲೋಮೀಟರ್ ಅಂದರೆ ಮೂರೂವರೆ ಗಂಟೆ ಸೀಟಿನ ಮೇಲೆ. ಊಟ, ಫೋಟೋ, ದಾರಿ ತಪ್ಪುವುದು, ಮಳೆಗೆ ಮರದಡಿ ನಿಲ್ಲುವುದು ಸೇರಿದರೆ ದಿನ ತುಂಬಿತು. ಇದಕ್ಕಿಂತ ಜಾಸ್ತಿ ಹಾಕಿಕೊಂಡರೆ ಬಸ್ಸಿನವರ ತರಹ ನೀವೂ ಎಲ್ಲವನ್ನೂ ದಾಟಿಕೊಂಡು ಹೋಗುತ್ತೀರಿ.

ಬೆಳಿಗ್ಗೆ ಬೇಗ ಹೊರಡಿ. ಸಂಜೆ ನಾಲ್ಕೂವರೆಗೆ ಮಲಗುವ ಊರು ಸೇರಿ. ಉಷ್ಣವಲಯದ ದೇಶಗಳಲ್ಲಿ ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಗಾಢ ಕತ್ತಲೆ. ಆಮೇಲೆ ದೀಪವಿಲ್ಲದ ಟ್ರ್ಯಾಕ್ಟರ್, ರಸ್ತೆಯಲ್ಲೇ ಮಲಗಿದ ಎಮ್ಮೆ, ಕಾಣದ ಗುಂಡಿ.

ಬಾಡಿಗೆ ಗಾಡಿಯ ಟ್ಯಾಂಕ್ ಹೆಚ್ಚಾಗಿ ಖಾಲಿಯೇ ಇರುತ್ತದೆ. ಮೊದಲು ಬಂಕಿಗೆ ಹೋಗಿ. ಈ ಗಾಡಿಗಳ ಟ್ಯಾಂಕಿಗೆ ನಾಲ್ಕೈದು ಲೀಟರ್ ಹಿಡಿಯುತ್ತದೆ, ಮುಳ್ಳನ್ನು ಪೂರ್ತಿ ನಂಬಲಾಗದು. ಅರ್ಧ ಆಯಿತೆಂದರೆ ತುಂಬಿಸಿ. ಸಣ್ಣ ಹಳ್ಳಿಗಳಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ಮಾರುತ್ತಾರೆ. ಬೆಲೆ ಜಾಸ್ತಿ, ಆಪತ್ತಿಗೆ ಆಗುತ್ತದೆ.

ಹಂತ 9: ರಸ್ತೆಯ ಮೇಲೆ

ಥಾಯ್ಲೆಂಡ್, ಇಂಡೋನೇಷ್ಯಾ, ಶ್ರೀಲಂಕಾಗಳಲ್ಲಿ ಎಡಬದಿಯ ಸಂಚಾರ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಲ್ಲಿ ಬಲಬದಿ. ಕಾರಿನಲ್ಲಾದರೆ ಸ್ಟೀರಿಂಗ್ ಯಾವ ಕಡೆ ಇದೆ ಅನ್ನುವುದೇ ನೆನಪಿಸುತ್ತದೆ. ಸ್ಕೂಟರಿನಲ್ಲಿ ಅಂಥ ಗುರುತು ಯಾವುದೂ ಇಲ್ಲ. ತಪ್ಪು ಬದಿಗೆ ಹೋಗುವುದು ದಟ್ಟಣೆಯಲ್ಲಲ್ಲ, ಖಾಲಿ ರಸ್ತೆಯಲ್ಲಿ. ಟೀ ಕುಡಿದು ಮತ್ತೆ ಹೊರಡುವಾಗ, ಬಂಕಿನಿಂದ ಆಚೆ ಬರುವಾಗ. ಪ್ರತಿ ಸಲ ಹೊರಡುವ ಮುಂಚೆ ಬಾಯಲ್ಲಿ ಹೇಳಿಕೊಳ್ಳಿ: ರಸ್ತೆಯ ಅಂಚು ನನ್ನ ಬಲಕ್ಕೆ, ಅಥವಾ ಎಡಕ್ಕೆ.

ಎದುರಿನವರು ಹೆಡ್‌ಲೈಟ್ ಮಿಟುಕಿಸಿದರೆ 'ನೀವು ಹೋಗಿ' ಅಂತ ಅಂದುಕೊಳ್ಳಬೇಡಿ. ವಿಯೆಟ್ನಾಂ, ಥಾಯ್ಲೆಂಡಿನಲ್ಲಿ ಅದರ ಅರ್ಥ 'ನಾನು ಬರುತ್ತಿದ್ದೇನೆ, ಪಕ್ಕಕ್ಕೆ ಸರಿ' ಅಂತ. ಕಣ್ಣಿಗೆ ಕಾಣದ ತಿರುವಿನ ಮುಂಚೆ ಹಾರ್ನ್ ಮಾಡಿ, ನಿಮ್ಮ ಅಂಚಿಗೆ ಅಂಟಿಕೊಂಡೇ ತಿರುಗಿ. ಲಾರಿಗಳು ತಿರುವನ್ನು ಅಡ್ಡ ಕತ್ತರಿಸಿಕೊಂಡು ಬರುತ್ತವೆ.

ತಿರುವಿನ ವೇಗ ಕಡಿಮೆ ಮಾಡುವುದು ತಿರುವಿಗೆ ಮೊದಲೇ. ಒಳಗೆ ಹೋದ ಮೇಲೆ ಬ್ರೇಕ್ ಹಿಡಿದರೆ ಗಾಡಿ ನೆಟ್ಟಗಾಗಿ ಹೊರಗೆ ಎಳೆಯುತ್ತದೆ. ಕಣ್ಣು ಹೋಗಬೇಕಾದ ಕಡೆ ಇರಲಿ. ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಹೋಗುತ್ತೀರಿ.

ಆಟೋಮ್ಯಾಟಿಕ್ ಗಾಡಿಯಲ್ಲಿ ಉದ್ದ ಇಳಿಜಾರು ಇಳಿಯುವಾಗ ಒಂದು ಗುಟ್ಟು ಗೊತ್ತಿರಬೇಕು. ವೇಗ ಬಹಳ ಇಳಿದಾಗ ಅದರ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಆಗ ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆ ಉರುಳುತ್ತದೆ, ಎಂಜಿನ್ ಹಿಡಿತ ಇರುವುದಿಲ್ಲ. ಆಕ್ಸಿಲರೇಟರನ್ನು ಒಂದು ಚೂರು ಕೊಟ್ಟರೆ ಕ್ಲಚ್ ಮತ್ತೆ ಕೂಡಿಕೊಳ್ಳುತ್ತದೆ. ಆಮೇಲೆ ಕೈ ಬಿಟ್ಟರೆ ಎಂಜಿನ್ ಹಿಡಿಯುವುದು ಗೊತ್ತಾಗುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಇಳಿಯಬೇಡಿ. ಒತ್ತಿ, ಬಿಡಿ, ಒತ್ತಿ. ಬಿಸಿಯಾದ ಬ್ರೇಕ್ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಸುಟ್ಟ ವಾಸನೆ ಬಂದರೆ ನಿಂತು ಹತ್ತು ನಿಮಿಷ ನೋಟ ನೋಡಿ.

ಒಣಹವೆಯ ನಂತರದ ಮೊದಲ ಮಳೆ ಅತಿ ಅಪಾಯ. ರಸ್ತೆಯ ಎಣ್ಣೆ, ದೂಳು ನೀರಿನೊಂದಿಗೆ ಕಲಸಿ ಜಾರುತ್ತದೆ. ಬಿಳಿ ಬಣ್ಣದ ಪಟ್ಟೆ, ಕಬ್ಬಿಣದ ಸೇತುವೆ ಹಲಗೆ ಕೂಡ ಹಾಗೇ. ಊರು ಹತ್ತಿರ ಬಂತೆಂದರೆ ನಾಯಿ, ಕೋಳಿ, ಮಕ್ಕಳು. ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರೆ. ಅದರ ಮೇಲೆ ಹತ್ತಿಸಬೇಡಿ. ಅವರ ಅನ್ನಕ್ಕೂ ಕೆಡುಕು, ನಿಮ್ಮ ಚಕ್ರವೂ ಜಾರುತ್ತದೆ.

ಹಳ್ಳಿಯೊಳಗೆ

ಗಾಡಿ ನಿಧಾನ ಮಾಡಿ, ನಿಲ್ಲಿಸಿ, ಹೆಲ್ಮೆಟ್ ತೆಗೆದು ಮುಖ ತೋರಿಸಿ. ಫೋಟೋಗೆ ಮೊದಲು ಕೇಳಿ. ಅಲ್ಲಿಯ ಅಂಗಡಿಯಲ್ಲೇ ಏನಾದರೂ ಕೊಳ್ಳಿ. ಮಕ್ಕಳಿಗೆ ದುಡ್ಡು, ಮಿಠಾಯಿ ಹಂಚುವುದು ಬೇಡ. ಲಾವೋಸಿನಲ್ಲಿ ಇನ್ನೊಂದು ಮಾತು: 1964ರಿಂದ 1973ರ ತನಕ ಅಮೆರಿಕ ಹಾಕಿದ ಬಾಂಬುಗಳಲ್ಲಿ ಸಿಡಿಯದವು ಈಗಲೂ ಮಣ್ಣಿನಲ್ಲಿವೆ. ಜನ ಓಡಾಡಿದ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ, ಬಯಲಿಗೆ ಹೋಗಲೂ ಕೂಡ.

ಏನಾದರೂ ಆದರೆ

ಪಂಕ್ಚರ್ ಆದರೆ ಗಾಬರಿ ಬೇಡ. ರಸ್ತೆ ಬದಿಯಲ್ಲಿ ಹಳೇ ಟೈರ್ ನೇತು ಹಾಕಿದ ಮನೆ ಕಂಡರೆ ಅದೇ ರಿಪೇರಿ ಅಂಗಡಿ. ಗಾಳಿ ಇಲ್ಲದ ಚಕ್ರದ ಮೇಲೆ ಓಡಿಸಿಕೊಂಡು ಹೋದರೆ ಟ್ಯೂಬ್ ಹರಿದು ಹೊಸದೇ ಬೇಕಾಗುತ್ತದೆ. ಇಳಿದು ತಳ್ಳಿ.

ಬಿದ್ದರೆ ಮೊದಲು ರಸ್ತೆಯಿಂದ ಆಚೆ ಬನ್ನಿ. ಹೆಚ್ಚು ಪೆಟ್ಟಾದವರನ್ನು ಸುಮ್ನೆ ಎಳೆದಾಡಬೇಡಿ. ಥಾಯ್ಲೆಂಡಿನಲ್ಲಿ ಆಂಬ್ಯುಲೆನ್ಸ್ 1669, ಪ್ರವಾಸಿ ಪೊಲೀಸ್ 1155. ವಿಯೆಟ್ನಾಂನಲ್ಲಿ ಆಂಬ್ಯುಲೆನ್ಸ್ 115. ಹೋಗುವ ದೇಶದ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ಫೋನೇ ಒಡೆದರೆ? ಜಾಗದ ಫೋಟೋ ತೆಗೆಯಿರಿ. ವಿಮೆಯವರಿಗೆ ಅಂದೇ ತಿಳಿಸಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ತರಚು ಗಾಯವನ್ನು ಸಾಬೂನು, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೆಕೆ ನಾಡಿನಲ್ಲಿ ಸಣ್ಣ ಗಾಯವೂ ಬೇಗ ಕೀವಾಗುತ್ತದೆ.

ಗಾಡಿ ವಾಪಸ್ ಕೊಡುವಾಗ

ಹಗಲಿನಲ್ಲಿ ಕೊಡಿ, ಅವಸರವಿಲ್ಲದ ದಿನ ಕೊಡಿ. ರಾತ್ರಿ ಬಸ್ಸಿಗೆ ಅರ್ಧ ಗಂಟೆ ಇರುವಾಗ ಕೊಟ್ಟರೆ ಕೇಳಿದಷ್ಟು ಹಣ ತೆತ್ತು ಓಡಬೇಕಾಗುತ್ತದೆ. ಕೆಸರು ತೊಳೆದು, ಕರಾರಿನಂತೆ ಪೆಟ್ರೋಲ್ ಹಾಕಿಸಿ ಹೋಗಿ. ಹಳೇ ಗೀರನ್ನು ನಿಮ್ಮ ತಲೆಗೆ ಕಟ್ಟಿದರೆ ದನಿ ಏರಿಸದೆ ಮೊದಲ ದಿನದ ವಿಡಿಯೋ ತೋರಿಸಿ. ನಿಜವಾಗಿ ನೀವೇ ಮಾಡಿದ ಪೆಟ್ಟಾದರೆ, ಅವರು ಹೇಳಿದ ಬೆಲೆ ಕೊಡುವ ಮೊದಲು ಬೇರೆ ಮೆಕ್ಯಾನಿಕ್ ಹತ್ತಿರ ವಿಚಾರಿಸಿ. ಹಿಂದಿನ ದಿನವೇ ಅಲ್ಲಿ ಸರಿಮಾಡಿಸಿಕೊಂಡು ಹೋದರೆ ಇನ್ನೂ ಅಗ್ಗ. ಅಡ್ವಾನ್ಸ್ ಹಣವನ್ನು ಅಲ್ಲೇ ನಿಂತು ಎಣಿಸಿಕೊಳ್ಳಿ. ಡಿಕ್ಕಿಯಲ್ಲಿ ಮಳೆ ಅಂಗಿ ಉಳಿದಿದೆಯಾ ನೋಡಿ, ಆಮೇಲೆ ಕೀಲಿ ಕೊಡಿ.